ಅವ್ವನಿಗೆ ಕೊಟ್ಟ ಎರಡು ಮಾರ್ಕು

ಈ ಸಂಗತಿ ನಾನು ಹೇಳುವ ಹಾಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಪದವಿಗೆ ಓದುವಾಗ ಎಲ್ಲವನ್ನೂ ಸಂಶಯದಿಂದ ನೋಡಬೇಕೆಂದು ಕಲಿಸಿದ್ದರು. ನಾನು ದೇವರನ್ನು ಸಂಶಯಿಸಿದೆ, ಪಂಚಾಂಗವನ್ನು ಸಂಶಯಿಸಿದೆ, ಹುಕ್ಕೇರಿ ಸಂತೆಯ ತೂಕದ ಕಲ್ಲನ್ನಂತೂ ವಾರವಾರವೂ ಸಂಶಯಿಸಿದೆ. ನನ್ನ ನೆನಪನ್ನೂ ಸಂಶಯಿಸಬೇಕೆಂದು ಮಾತ್ರ ಬಹಳ ದಿನ ಹೊಳೆಯಲಿಲ್ಲ. ನನ್ನ ನೆನಪಿನ ಪ್ರಕಾರ ಅಂದು ಮೋಡ ಕವಿದಿತ್ತು. ತಂಗಿ ಗಂಗವ್ವ, ಬಿಸಿಲು ರಣರಣ ಅನ್ನುತ್ತಿತ್ತು ಎನ್ನುತ್ತಾಳೆ. ಅವಳು ಅಂದು ಹಪ್ಪಳ ಒಣಹಾಕಿದ್ದಳಂತೆ. ಹಪ್ಪಳದ ಸಾಕ್ಷಿಯ ಎದುರು ನನ್ನ ಪದವಿ ನಿಲ್ಲುವುದಿಲ್ಲ.

ಆಗ ನಾನು ಹುಕ್ಕೇರಿಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಯಾರೋ ಬಳಸಿ ಬಿಟ್ಟ ಒಂದು ಕ್ಯಾಮರಾ ಕೊಂಡಿದ್ದೆ. ಕ್ಯಾಮರಾ ಬಂದ ಮೇಲೆ ಮನುಷ್ಯನಿಗೆ ಅದರ ಜೊತೆಗೆ ಇನ್ನೇನೋ ಬೇಕು ಅನ್ನಿಸುತ್ತದೆ. ನನಗೆ ಬೇಕೆನಿಸಿದ್ದು ಕ್ಲೋಸಪ್ ಲೆನ್ಸು. ಕ್ಯಾಮರಾದ ಮೂತಿಗೆ ತಿರುಗಿಸಿ ಕೂರಿಸುವ, ಹತ್ತಿರದ್ದನ್ನು ದೊಡ್ಡದು ಮಾಡುವ ಗಾಜು. ಗೋಕಾಕದಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಬಾಳಪ್ಪ ಅದನ್ನು ಕೈಯಲ್ಲಿಟ್ಟ. “ಎಂಟ ದಿವಸ ಇಟಗೊಂಡ ನೋಡ್ರಿ ಮಾಸ್ತರ. ಇರುವಿ ತಗದ್ರ ಎಮ್ಮಿ ಆಗತೈತಿ. ಮಂದಿ ಮಾರಿ ತಗದ್ರ ಕಣ್ಣ ರೆಪ್ಪಿ ಎಣಸಬೋದು. ಮನಸ್ಸಿಗೆ ಬರಲಿಲ್ಲಂದ್ರ ಹೊಳ್ಳಿ ಕೊಡ್ರಿ” ಎಂದ. ಲೆನ್ಸಿನ ಬಳೆಗೆ ಹದಿನಾರು ಇಂಚಿನ ಒಂದು ದಾರ ಕಟ್ಟಿದ್ದ. “ಈ ದಾರದ ತುದಿ ಎಲ್ಲಿ ಮುಟ್ಟತೈತಿ, ಅಲ್ಲಷ್ಟ ನಿಚ್ಚಳ. ಒಂದ ಬೆರಳ ಹಿಂದ ಸರದ್ರೂ ಎಲ್ಲಾ ಮಂಜ. ಅಳತಿ ಆದ ಮ್ಯಾಲ ದಾರ ಬಿಡಸ್ರಿ, ಆಮ್ಯಾಲ ಬಟನ್ ಒತ್ರಿ.” ಇಷ್ಟನ್ನು ಆತ ಹೇಳಿದ್ದು ಖಂಡಿತ. ನಾನು ಕೇಳಿಸಿಕೊಂಡೆನೇ ಎಂಬುದು ಬೇರೆ ಪ್ರಶ್ನೆ.

ರವಿವಾರ ಲೆನ್ಸು ಹಿಡಿದು ಮೂಡಲಗಿಗೆ, ಅವ್ವನ ಮನೆಗೆ ಹೋದೆ. ಪರೀಕ್ಷೆ ಅಂದಮೇಲೆ ಮಾರ್ಕು ಬೇಕಲ್ಲ! ಒಂದು ನೋಟಬುಕ್ಕಿನಲ್ಲಿ ಗೆರೆ ಹೊಡೆದು, ಪ್ರತಿ ಚಿತ್ರಕ್ಕೂ ಹತ್ತರಲ್ಲಿ ಇಷ್ಟೆಂದು ಬರೆಯಲು ಜಾಗ ಬಿಟ್ಟೆ. ರೀಲಿನಲ್ಲಿ ಹನ್ನೆರಡು ಚಿತ್ರ. ಬೆಲ್ಲದ ಮೇಲಿನ ಇರುವೆ, ಜೋಳದ ತೆನೆ, ಅಂಚೆ ಚೀಟಿ, ನನ್ನದೇ ಹೆಬ್ಬೆರಳು, ಹೀಗೆ ಎಂಟು ಮುಗಿದವು. ಗೋಡೆಯ ಹಲ್ಲಿಗೆ ಮೂರು ಹೋದವು, ಏಕೆಂದರೆ ದಾರ ಮೂಗಿನ ಹತ್ತಿರ ಬಂದೊಡನೆ ಅದು ಓಡುತ್ತಿತ್ತು. ಮನುಷ್ಯರ ಮುಖಕ್ಕೆಂದು ಉಳಿದದ್ದು ಒಂದೇ ಒಂದು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಅವ್ವಾ, ಹೊರಗ ಬಾ. ಒಂದ ಪರೀಕ್ಷಾ ಐತಿ” ಎಂದೆ.

“ಈ ವಯಸ್ಸಿನ್ಯಾಗ ನನಗ್ಯಾವ ಪರೀಕ್ಷಾನೋ! ತಡಿ, ಮಾರಿ ತೊಳಕೊಂಡ ಬರತೇನಿ.”

“ಮಾರಿ ತೊಳಿಯೂದಕ್ಕೂ ಲೆನ್ಸಿಗೂ ಸಂಬಂಧಿಲ್ಲ. ಒಂದ ಚಿತ್ರ ಅಷ್ಟ ಉಳದೈತಿ, ಕುಂಡ್ರ ಬಾ.”

“ಹಲ್ಲಿಗಿ ಮೂರ ತಗದಿ, ನನಗ ಒಂದೇನು?” ಎನ್ನುತ್ತ ಹೊಸ್ತಿಲ ಮೇಲೆ ಕೂತು ಸೆರಗು ಹೊದ್ದಳು. ಅದುವರೆಗೆ ಆಕೆಯ ಒಂದು ಫೋಟೋ ಕೂಡ ಯಾರೂ ತೆಗೆದಿರಲಿಲ್ಲ. ದಾರದ ತುದಿಯನ್ನು ಆಕೆಯ ಕೈಗೆ ಕೊಟ್ಟು ಮೂಗಿನ ತುದಿಗೆ ಹಿಡಿಯಲು ಹೇಳಿದೆ. ಬಟನ್ ಒತ್ತಿದೆ.

ಮುಂದಿನ ವಾರ ಚಿತ್ರ ತೊಳೆದು ಬಂತು. ಅವ್ವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, “ನನ್ನ ಮಾರಿ ಎಲ್ಲೈತೋ?” ಎಂದಳು. ಮುಖ ಇರಬೇಕಾದಲ್ಲಿ ಮಂಜು. ಅದರ ಮುಂದೆ ದಾರ ಹಿಡಿದ ಎರಡು ಬೆರಳು.

“ನೀ ಅಲುಗಿದಿ” ಎಂದೆ.

“ಹೌದೇನಪಾ? ಉಸರ ಬಿಟ್ನೋ ಏನೋ. ನನ್ನಿಂದ ನಿನ್ನ ರೀಲ ಕೆಟ್ಟತಲ್ಲೋ.”

ನಾನು ನೋಟಬುಕ್ಕಿನಲ್ಲಿ ಬರೆದೆ: ಇರುವೆ, ಎಂಟು. ಅಂಚೆ ಚೀಟಿ, ಒಂಬತ್ತು. ಅವ್ವ, ಎರಡು, ಕಾರಣ, ಅಲುಗಾಟ. ಅವ್ವ ಇದನ್ನು ಓಣಿಗೆಲ್ಲ ಹೇಳಿಕೊಂಡು ನಕ್ಕಳು: “ಊರ ಮಂದಿ ಮಕ್ಕಳನ್ನೆಲ್ಲಾ ಪಾಸ ಮಾಡತಾನ್ರಿ ನನ್ನ ಮಗಾ. ನಾ ಒಬ್ಬಾಕಿನ ನಪಾಸ!” ಕೀಟಗಳಿಗೆ ಒಳ್ಳೆಯದು, ಮುಖಗಳಿಗೆ ಆಗದು ಎಂದು ತೀರ್ಪು ಕೊಟ್ಟು ಲೆನ್ಸನ್ನು ಇಟ್ಟುಕೊಂಡೆ. ಅವ್ವನ ಇನ್ನೊಂದು ಚಿತ್ರ ತೆಗೆಯಬೇಕೆಂದು ಅಂದುಕೊಂಡೆ. ಆಮೇಲೆ ಬಹಳಷ್ಟು ಜೀರುಂಡೆಗಳನ್ನು ತೆಗೆದೆ.

ಮರುವರ್ಷ ಮೂರು ದಿನದ ಜ್ವರದಲ್ಲಿ ಅವ್ವ ಹೋದಳು. ಗೋಡೆಗೆ ಹಾಕಲು ಆ ಚಿತ್ರ ದೊಡ್ಡದು ಮಾಡಿಸೋಣವೆಂದು ನಾನು, ಗಂಗವ್ವ ಗೋಕಾಕಕ್ಕೆ ಹೋದೆವು. ಬಾಳಪ್ಪ ಬಹಳ ಹೊತ್ತು ನೋಡಿದ. “ಇದರಾಗ ಮಾರಿ ಇಲ್ಲರೀ ಮಾಸ್ತರ. ಕೈ ಅಷ್ಟ ಐತಿ. ಕೈಗೆ ಹಾರಾ ಹಾಕತೀರೇನ್ರಿ?” ಎಂದವನು, ಹಾಗೆ ಅಂದದ್ದಕ್ಕೆ ತಾನೇ ನೊಂದು ನಮಗೆ ಚಹಾ ತರಿಸಿದ. “ದಾರ ಬಿಡಸಲಿಲ್ಲೇನ್ರಿ ನೀವು?”

“ಬಿಡು ಅಂದಿದ್ದೆ. ಆಕಿ ಬಿಡಲಿಲ್ಲ, ಅದರ ಮ್ಯಾಲ ಅಲುಗಿದ್ಲು” ಎಂದೆ.

ಗಂಗವ್ವ ಚಹಾದ ಕಪ್ಪು ಕೆಳಗಿಟ್ಟಳು. “ಖೊಟ್ಟಿ ಹೇಳಬ್ಯಾಡೋ ಅಣ್ಣಾ. ‘ದಾರ ಬಿಡ್ಲೇನಪಾ?’ ಅಂತ ಎರಡ ಸಲಾ ಕೇಳಿದ್ಲು ಅವ್ವ. ನೀ ‘ಸುಮ್ನ ಕುಂಡ್ರು, ಅಲುಗಬ್ಯಾಡ’ ಅಂತ ಒದರಿದಿ. ನಾ ಹಪ್ಪಳ ಹಾಕಾಕತ್ತಿದ್ದೆ.”

‘ಬಿಡು’ ಎಂದ ನನ್ನ ದನಿ ನನಗೆ ಈಗಲೂ ಕಿವಿಯಲ್ಲಿದೆ. ಆದರೆ ಅಂದಿನ ಮೋಡವೂ ಹಾಗೆಯೇ ಕಣ್ಣಲ್ಲಿದೆ. ಇನ್ನೂ ಕಷ್ಟದ ಮಾತೆಂದರೆ, ಅವ್ವನ ಮುಖ ನೆನೆಯಹೋದರೆ ಈಗ ಆ ಚಿತ್ರದ ಮಂಜೇ ಬರುತ್ತದೆ. ಮೂಗುತಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ತಂಗಿಯನ್ನು ಕೇಳಬೇಕು, ಕೇಳಲು ನಾಚಿಕೆ. ಯಾರು ಏನೆಂದರು ಎಂಬುದನ್ನು ಯಾವ ಲೆನ್ಸೂ ಹಿಡಿದಿಲ್ಲ, ಅದು ನನ್ನ ಮತ್ತು ಗಂಗವ್ವನ ನಡುವೆ ಹಾಗೆಯೇ ಉಳಿಯುತ್ತದೆ. ಒಂದನ್ನು ಮಾತ್ರ ಪರೀಕ್ಷಿಸಬಹುದಿತ್ತು. ಹುಕ್ಕೇರಿಗೆ ಬಂದು ಅದೇ ಲೆನ್ಸನ್ನು ಬಿಚ್ಚಿ, ಭೂತಗನ್ನಡಿಯಂತೆ ಆ ಚಿತ್ರದ ಮೇಲೆ ಹಿಡಿದೆ. ಕೂತವರು ಅಲುಗಿದ್ದರೆ ಬೆರಳೂ ದಾರವೂ ಕದಡಿರಬೇಕು. ಉಗುರಿನ ಸಂದಿಯ ಜೋಳದ ಹಿಟ್ಟು ಕಂಡಿತು. ಬೆರಳ ತುದಿಯ ಗೆರೆಗಳು ಕಂಡವು. ದಾರಕ್ಕೆ ಮೂರು ಎಳೆ. ಮೂರನ್ನೂ ಬೇರೆಬೇರೆಯಾಗಿ ಎಣಿಸಿದೆ. ಮುಖ ಆ ಬೆರಳುಗಳಿಗಿಂತ ಒಂದು ಬೆರಳು ಹಿಂದಿತ್ತು, ಅಷ್ಟೇ. ಅವ್ವ ಅಲುಗಿರಲಿಲ್ಲ.