ಆರು ಬೆರಳಿನ ರಾಣಿಯೂ ಲಿಟಲ್ ಮ್ಯಾರೋಬಿಯ ಬಸ್ ಸ್ಟಾಪೂ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಕರ್ಪೂರ ಹಚ್ಚಿ ಆಣೆ ಮಾಡುತ್ತೇನೆ. ಕರ್ಪೂರ ನೈರೋಬಿಯಲ್ಲೂ ಸಿಗುತ್ತದೆ, ಆ ನೆಪ ಹೇಳುವುದಿಲ್ಲ.

ಇಂಗ್ಲೆಂಡಿನ ಲಿಟಲ್ ಮ್ಯಾರೋಬಿ ಎಂಬ ಪುಟ್ಟ ಹಳ್ಳಿಯ ಸಾವಿರ ವರ್ಷಗಳ ಇತಿಹಾಸವು ನೈರೋಬಿಯ ಹರ್ಲಿಂಗ್‌ಹ್ಯಾಮಿನಲ್ಲಿ, ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ, ಮೊನ್ನೆ ಮೊನ್ನೆ ನಡೆಯಿತು.

ಅದನ್ನು ನಡೆಸಿಕೊಟ್ಟವರು ದ್ವಾರಕಾನಾಥ್, ಬೆಂಗಳೂರಿನ ಕಂಪನಿಯೊಂದರ ಆಫ್ರಿಕಾ ಖಂಡದ ಮುಖ್ಯಸ್ಥರು. ಅವರ ಆಡಳಿತಕ್ಕೆ ಒಳಪಟ್ಟಂತೆ ಖಂಡದಲ್ಲಿ ಅಚಿಯೆಂಗ್ ಎಂಬ ಸಹಾಯಕಿ, ಒಂದು ಟೀ ಕೆಟಲ್ ಮತ್ತು ಒಂದು ಪ್ರಿಂಟರ್ ಇದ್ದವು. ಪ್ರಿಂಟರ್ ಮಧ್ಯಾಹ್ನದ ಮೇಲೆ ಕೆಳಗಿನ ಡೆಂಟಿಸ್ಟರದು. ದಿನಾ ಲೊರೆಶೋದ ಮನೆಗೆ ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನಿನಲ್ಲಿ ಜನರ ನಡುವೆ ನಿಂತುಕೊಂಡೇ ಹೋಗುತ್ತಿದ್ದ ದ್ವಾರಕಾನಾಥ್, ಬೆಂಗಳೂರಿನಲ್ಲಿದ್ದ ತಮ್ಮ ಷಡ್ಡಕ ಶ್ರೀಪಾದನಿಗೆ, ನನಗೆ ಡ್ರೈವರ್ ಮಾತ್ರವಲ್ಲ ಕಂಡಕ್ಟರ್ ಕೂಡ ಇರುವ ಗಾಡಿ ಎಂದು ಫೋನಿನಲ್ಲಿ ತಿಳಿಸಿದ್ದರು. ಅದೂ ಸುಳ್ಳಲ್ಲ.

ಕಂಪನಿಯ ಕಸುಬು ಇಂಗ್ಲೆಂಡಿನ ಹಳ್ಳಿಗಳಿಗೆ ಇತಿಹಾಸ ಪೂರೈಸುವುದು. ಇಂಗ್ಲಿಷರಿಗೆ ಇತಿಹಾಸ ಬರೆಯಲು ಪುರುಸೊತ್ತಿಲ್ಲದ್ದರಿಂದ ಆ ಕೆಲಸ ಬೆಂಗಳೂರಿಗೆ ಬಂತು, ಬೆಂಗಳೂರಿನಲ್ಲಿ ದುಬಾರಿಯಾದ್ದರಿಂದ ನೈರೋಬಿಗೆ ಬಂತು. ಇತಿಹಾಸದ ಗತಿ ಎಂದರೆ ಇದೇ. ಹಳ್ಳಿಗಳಿಗೆ ಇದರ ಜರೂರು ಬಿದ್ದದ್ದು ಅಲ್ಲಿನ ಗ್ರಾಮೇತಿಹಾಸ ಪ್ರಾಧಿಕಾರ ಹೊರಡಿಸಿದ ಒಂದು ಸುತ್ತೋಲೆಯಿಂದ:

"ಏನೂ ನಡೆಯದ ಗ್ರಾಮವನ್ನು ಇಲ್ಲದ ಗ್ರಾಮವೆಂದೇ ಪರಿಗಣಿಸತಕ್ಕದ್ದು. ಇಲ್ಲದ ಗ್ರಾಮದಲ್ಲಿ ಬಸ್ಸು ನಿಲ್ಲತಕ್ಕದ್ದಲ್ಲ."

ಲಿಟಲ್ ಮ್ಯಾರೋಬಿಗೆ ವಾರಕ್ಕೊಂದು ಬಸ್ಸಿತ್ತು. ಅದು ಹೋದರೆ ಮುದುಕರು ಔಷಧಿಗೂ ಪೇಟೆಗೆ ನಡೆಯಬೇಕು. ಗ್ರಾಮ ಪಂಚಾಯ್ತಿಯ ಕಾರ್ಯದರ್ಶಿ ಡೆಂಜಿಲ್ ಎಂಬಾತ ಗಾಬರಿಬಿದ್ದು ಊರಿನ ಹಳೆಯ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿದ. ಅಚಿಯೆಂಗ್ ಅಷ್ಟನ್ನೂ ಓದಿ ಕನ್ನಡಕ ತೆಗೆದಿಟ್ಟಳು. ಯುದ್ಧಗಳು ಹೆದ್ದಾರಿಯಲ್ಲೇ ಮುಂದಕ್ಕೆ ಹೋಗಿದ್ದವು, ಊರಿನ ತಿರುವು ಇಕ್ಕಟ್ಟಾದ್ದರಿಂದ ಯಾವ ಸೈನ್ಯವೂ ಒಳಗೆ ಬಂದಿರಲಿಲ್ಲ. ಪ್ಲೇಗು ಪಕ್ಕದೂರಿನವರೆಗೆ ಬಂದು ವಾಪಸು ಹೋಗಿತ್ತು. ಒಮ್ಮೆ ರಾಜದೂತನೊಬ್ಬ ಬಂದು ದಾರಿ ಕೇಳಿದ್ದ, ಹೇಳಿದ್ದರು, ಹೋಗಿದ್ದ. ಉಳಿದಂತೆ ಒಂದು ಹಂದಿ ಕಳೆದುಹೋಗಿ ತಾನಾಗಿ ಮನೆಗೆ ಬಂದಿತ್ತು.

"ಹಂದಿಯನ್ನೇ ಸ್ವಲ್ಪ ಹಿಗ್ಗಿಸಬಹುದಾ?" ಎಂದು ದ್ವಾರಕಾನಾಥ್ ಕೇಳಿದರು.

"ಹಿಗ್ಗಿಸಿ ನೋಡಿದೆ. ಒಂದು ಪ್ಯಾರಾ ಆಯ್ತು," ಎಂದಳು ಅಚಿಯೆಂಗ್.

ಅದೇ ವಾರ ಬೆಂಗಳೂರಿನಿಂದ ಮೇಲ್ ಬಂತು. ಮ್ಯಾರೋಬಿಯ ಇತಿಹಾಸಕ್ಕೆ ಪ್ರಾಧಿಕಾರದ ಪ್ರಮಾಣಪತ್ರ ಸಿಗದಿದ್ದರೆ ಆಫ್ರಿಕಾ ಖಂಡವನ್ನು ಮುಚ್ಚಲಾಗುವುದು, ಮುಖ್ಯಸ್ಥರು ಬೆಂಗಳೂರಿಗೆ ಮರಳಿ ಮೂರನೇ ಮಹಡಿಯಲ್ಲಿ ಅನಿಲ್ ಅವರ ಕೈಕೆಳಗೆ ಕೂರತಕ್ಕದ್ದು. ಈ ಅನಿಲ್ ದ್ವಾರಕಾನಾಥರೇ ಕೆಲಸ ಕಲಿಸಿದ ಹುಡುಗ. ಅದನ್ನಾದರೂ ನುಂಗಬಹುದಿತ್ತು. ಆದರೆ ಅದೇ ಮೂರನೇ ಮಹಡಿಯಲ್ಲಿ ಶ್ರೀಪಾದನ ಪಕ್ಕದ್ಮನೆಯವರು ಕೆಲಸ ಮಾಡುತ್ತಿದ್ದರು. ಸುದ್ದಿ ಲಿಫ್ಟಿಗಿಂತ ಮೊದಲು ಕೆಳಗಿಳಿಯುತ್ತಿತ್ತು.

ಊಟಕ್ಕೆ ಕೂತಾಗ ಹೆಂಡತಿ ಜಯಾಗೆ ಎಲ್ಲ ಹೇಳಿಕೊಂಡರು. ಆಕೆ ಸಾರು ಬಡಿಸುತ್ತಾ ಡೆಂಜಿಲ್ ಕಳಿಸಿದ್ದ ಮೂರು ಫೋಟೋ ನೋಡಿದರು. ಒಂದರಲ್ಲಿ ಹೊಂಡ, ಒಂದರಲ್ಲಿ ಬಂಡೆ, ಒಂದರಲ್ಲಿ ಸೊಟ್ಟಗಾದ ಮರ.

"ಇಷ್ಟೆಲ್ಲಾ ಇಟ್ಕೊಂಡು ಇತಿಹಾಸ ಇಲ್ಲ ಅಂತಾರಾ? ನಮ್ ಕಡೆ ಬರೀ ಹೊಂಡ ಒಂದಿದ್ರೆ ಸಾಕು, ಸೀತೆ ಸ್ನಾನ ಮಾಡಿಬಿಟ್ಟಿರ್ತಾಳೆ. ಇವರಿಗೇನ್ರೀ ಧಾಡಿ?"

ದ್ವಾರಕಾನಾಥರ ಕೈಲಿದ್ದ ತುತ್ತು ಅಲ್ಲೇ ನಿಂತಿತು.

ಮರುದಿನ ಆಫೀಸಿನಲ್ಲಿ, ಕೆಳಗಿನಿಂದ ಡ್ರಿಲ್ಲಿನ ಸದ್ದು ಬರುತ್ತಿದ್ದಂತೆ, ಲಿಟಲ್ ಮ್ಯಾರೋಬಿಯ ಸ್ಥಳಪುರಾಣ ಶುರುವಾಯಿತು. ರಾಜ್ಯ ಕಳೆದುಕೊಂಡ ಇಂಗ್ಲೆಂಡಿನ ರಾಜನೊಬ್ಬ ರಾಣಿಯೊಡನೆ ವನವಾಸದಲ್ಲಿದ್ದಾಗ ಅಲ್ಲಿಗೆ ಬಂದ. ರಾಣಿಗೆ ಬಾಯಾರಿತು. ರಾಜ ನೆಲಕ್ಕೆ ಬಾಣ ಬಿಟ್ಟ, ಹೊಂಡವಾಯಿತು. ಮರ ರಾಜನಿಗೆ ಬಾಗಿ ನಮಸ್ಕರಿಸಿತು, ಏಳು ಎಂದು ಹೇಳಲು ಆತ ಮರೆತದ್ದರಿಂದ ಇಂದಿಗೂ ಬಾಗಿಯೇ ಇದೆ. ಬಂಡೆಯನ್ನು ರಾಜನ ಕೈಯಿಂದ ಎಸೆಸುವ ಯೋಚನೆಯಿತ್ತು.

"ಯಾವ ರಾಜ?" ಅಚಿಯೆಂಗ್ ಕೇಳಿದಳು.

"ಹೆಸರು ಹಾಕಿದ್ರೆ ತಕರಾರು ಬರುತ್ತೆ."

"ಆಧಾರ?"

"ಪ್ರತೀತಿ."

ಅವಳು, ಹಾಗಾದರೆ ಸವಾ, ಅಂದರೆ ಸರಿ, ಆದರೆ ಬಂಡೆ ರಾಣಿಯೇ ಎಸೆಯಲಿ, ನಮ್ಮಜ್ಜಿಯ ಊರಲ್ಲಿ ಕಲ್ಲು ಎಸೆದವರೆಲ್ಲ ಹೆಂಗಸರೇ, ಗಂಡಸರು ಎಲ್ಲಿಗೆ ಎಸೆಯಬೇಕೆಂದು ಹೇಳುತ್ತಾ ನಿಂತಿದ್ದರು ಎಂದಳು. ದ್ವಾರಕಾನಾಥರಿಗೆ ಇದು ಪ್ರಾಮಾಣಿಕವಾಗಿ ಕಂಡಿತು. ರಾಣಿಯ ಐದು ಬೆರಳಿನ ಗುರುತು ಇಂದಿಗೂ ಬಂಡೆಯ ಮೇಲಿದೆ ಎಂದು ಸೇರಿಸಿ ಕಳಿಸಿದರು.

ಹತ್ತು ದಿನ ಉತ್ತರವಿಲ್ಲ. ದ್ವಾರಕಾನಾಥ್ ಮನೆಯಲ್ಲಿ ಸೂಟ್‌ಕೇಸುಗಳ ಗಾತ್ರ ನೋಡತೊಡಗಿದರು. ಆಮೇಲೆ ಡೆಂಜಿಲ್ ವಿಡಿಯೋ ಕರೆಯಲ್ಲಿ ಬಂದ, ಮುಖ ಸಾವಿನ ಮನೆಯಿಂದ ಬಂದಂತಿತ್ತು. ಇತಿಹಾಸದಲ್ಲಿ ಗಂಭೀರ ದೋಷವಿದೆ ಎಂದ.

ದ್ವಾರಕಾನಾಥರಿಗೆ ಕಣ್ಣ ಮುಂದೆ ಅನಿಲನ ಮುಖ ಬಂತು.

"ಬಂಡೆಯ ಮೇಲೆ ಆರು ಗುರುತುಗಳಿವೆ," ಎಂದ ಡೆಂಜಿಲ್. "ಐದು ಎಂದು ಬರೆದಿದ್ದೀರಿ. ಇಂಥ ಅಜಾಗರೂಕತೆಯನ್ನು ನಮ್ಮ ಊರು ಸಹಿಸುವುದಿಲ್ಲ."

ದ್ವಾರಕಾನಾಥ್ ಕ್ಷಮೆ ಕೇಳಿ ಕೂಡಲೇ ತಿದ್ದುಪಡಿ ಹೊರಡಿಸಿದರು. ರಾಣಿಗೆ ಆರು ಬೆರಳಾದವು. ಇದರಿಂದ ಎಲ್ಲ ಸರಿಹೋಯಿತು. ಊರಿನ ಅತಿ ಹಿರಿಯರೊಬ್ಬರು, ಆರು ಬೆರಳಿನ ರಾಣಿಯ ಕತೆಯನ್ನು ತಾನು ಅಜ್ಜನ ತೊಡೆಯ ಮೇಲೆ ಕೂತು ಕೇಳಿದ್ದೆನೆಂದು ಲಿಖಿತ ಹೇಳಿಕೆ ಕೊಟ್ಟರು. ಬೇಕರಿಯ ಮನೆತನದವರು ತಾವು ರಾಣಿಯ ವಂಶಸ್ಥರೆಂದೂ ಹೆಚ್ಚುವರಿ ಬೆರಳು ಕಾಲಾಂತರದಲ್ಲಿ ಉದುರಿತೆಂದೂ ಪ್ರಕಟಿಸಿದರು. ಪ್ರಾಧಿಕಾರದ ತನಿಖಾಧಿಕಾರಿ ಖುದ್ದಾಗಿ ಬಂದು ಬಂಡೆಯ ಗುರುತಿನಲ್ಲಿ ತನ್ನ ಕೈಯಿಟ್ಟು, ಒಂದು ಗುಳಿ ಖಾಲಿ ಉಳಿದದ್ದನ್ನು ಗಮನಿಸಿ, ಸಂಪೂರ್ಣ ತೃಪ್ತಿ ವ್ಯಕ್ತಪಡಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಬಸ್ಸು ಉಳಿಯಿತು. ಆಫ್ರಿಕಾ ಖಂಡವೂ ಉಳಿಯಿತು. ಭಕ್ತರು, ಅಂದರೆ ಪ್ರವಾಸಿಗರು, ಹೆಚ್ಚಿದ್ದರಿಂದ ಪಂಚಾಯ್ತಿ ಬೋರ್ಡು ಹಾಕಿಸಿತು:

"ಬಂಡೆಯ ಪ್ರದಕ್ಷಿಣೆಯನ್ನು ಬಲಗಡೆಯಿಂದಲೇ ಹಾಕತಕ್ಕದ್ದು. ಬೂಟುಗಳನ್ನು ಹೊರಗೆ ಬಿಡತಕ್ಕದ್ದು. ಇಲ್ಲಿ ಎಲ್ಲವೂ ಹೊರಗೇ ಇರುವುದರಿಂದ, ಸ್ವಲ್ಪ ದೂರದಲ್ಲಿ ಬಿಡತಕ್ಕದ್ದು. ನಾಯಿಗಳಿಗೆ ವಿನಾಯಿತಿ ಇದೆ."

ಪಕ್ಕದ ಊರು ಸುಮ್ಮನಿರುತ್ತದೆಯೇ? ರಾಜ ಮೊದಲು ತಂಗಿದ್ದು ನಮ್ಮಲ್ಲೇ ಎಂದು ಹರ್ಲಿಂಗ್‌ಹ್ಯಾಮಿಗೆ ಆರ್ಡರ್ ಕಳಿಸಿತು. ಅದರಾಚೆಯ ಊರು ರಾಜ ವಾಪಸು ಹೋದ ದಾರಿಯನ್ನು ಕಾದಿರಿಸಿತು. ದ್ವಾರಕಾನಾಥರಿಗೆ ಇಡೀ ಪ್ರಿಂಟರ್ ಸಿಕ್ಕಿತು, ಮಧ್ಯಾಹ್ನದ ಮೇಲೂ.

ಇನ್ನು ಉಳಿದದ್ದು ಶ್ರೀಪಾದನಿಗೆ ಹೇಳುವುದು. ದ್ವಾರಕಾನಾಥ್ ಮಾತುಗಳನ್ನು ಜೋಡಿಸಿಕೊಂಡು ಫೋನಿಗೆ ಕೈ ಹಾಕುವಷ್ಟರಲ್ಲಿ ಅವನದೇ ಕರೆ ಬಂತು. ಯುರೋಪ್ ಟೂರಿನಲ್ಲಿದ್ದ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಬಿಸಿಲಲ್ಲಿ ನಿಂತಿದ್ದ, ಕಾಲಿಗೆ ಬರೀ ಸಾಕ್ಸ್, ಹಿಂದೆ ಒಂದು ಬಂಡೆ.

"ದ್ವಾರ್ಕಿ, ನೋಡೋ ಇಲ್ಲಿ. ಆರು ಬೆರಳಿನ ರಾಣಿ. ಎಷ್ಟು ಪವರ್ ಇದೆ ಗೊತ್ತಾ ಈ ಜಾಗದಲ್ಲಿ? ಮೂರು ಸುತ್ತು ಹಾಕಿದೆ, ಮಂಡಿನೋವು ಮಾಯ. ಇತಿಹಾಸ ಅಂದ್ರೆ ಇದು. ನೀನು ಅಲ್ಲಿ ಆಫ್ರಿಕಾದಲ್ಲಿ ಏನೋ ಟೈಪ್ ಮಾಡ್ಕೊಂಡು ಕೂತಿದ್ದೀಯ."

ದ್ವಾರಕಾನಾಥರ ಬಾಯಿ ತೆರೆಯಿತು. ಅದು ನಾನೇ ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಬರೆದದ್ದು ಎಂದರೆ ನಡೆದದ್ದಲ್ಲ, ನಡೆದದ್ದಲ್ಲ ಎಂದರೆ ಊರೇ ಇಲ್ಲ, ಊರಿಲ್ಲದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಮೂರನೇ ಮಹಡಿ. ಎದುರಿಗೆ ಅಚಿಯೆಂಗ್ ಕೆಟಲ್ ಹಿಡಿದುಕೊಂಡು ಕಾಯುತ್ತಿದ್ದಳು.

"ಹೌದೇನೋ," ಎಂದರು ದ್ವಾರಕಾನಾಥ್. "ನಿಂಗೆ ಎಷ್ಟು ಪುಣ್ಯ ನೋಡು."

"ನಿಂಗೂ ಒಂದು ಸುತ್ತು ಹಾಕ್ತೀನಿ ಬಿಡು," ಎಂದ ಶ್ರೀಪಾದ ಉದಾರವಾಗಿ, ಹಾಕಿದ ಕೂಡ. ಸಂಜೆ ಮಟಾಟುವಿನಲ್ಲಿ ದ್ವಾರಕಾನಾಥರಿಗೆ ಮೊದಲ ಸಲ ಕೂರಲು ಸೀಟು ಸಿಕ್ಕಿತು. ಅವರು ಯಾರಿಗೂ ಕಾಣದಂತೆ ಉತ್ತರ ದಿಕ್ಕಿಗೆ ಒಂದು ನಮಸ್ಕಾರ ಹಾಕಿದರು.

ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕೈಯಿಂದ ಸೇರಿಸಿದ್ದು, ಒಪ್ಪಿಕೊಳ್ಳುತ್ತೇನೆ. ಶ್ರೀಪಾದ ಬಿಸಿಲಲ್ಲಿ ನಿಂತಿದ್ದ ಎಂದೆನಲ್ಲ, ಅದು. ಇಂಗ್ಲೆಂಡಿನಲ್ಲಿ ಆವತ್ತೂ ಮಳೆ.