ತಾತನ ರಾಜೀನಾಮೆ

ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಮ್ಯಾನೇಜರು ನಗದೇ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಕ್ಕರು. ಅದೂ ಹನ್ನೆರಡು ಜನರ ಮುಂದೆ.

ನಗುವಂಥದ್ದೇನೂ ಆಗಿರಲಿಲ್ಲ. ಅವರದು ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕಂಪನಿ. ಒಂದು ಕಣ್ಣಾಸ್ಪತ್ರೆಯಿಂದ ದೂರು ಬಂದಿತ್ತು. ಯಾರೋ ಮುದುಕರು ಡಾಕ್ಟರನ್ನು ಕಾಣಲು ಫಾರ್ಮ್ ತುಂಬುತ್ತ ತುಂಬುತ್ತ ಆರನೇ ಪುಟ ಮುಟ್ಟಿ, ಅಯ್ಯೋ, ವಯಸ್ಸು ತಪ್ಪು ಬರೆದೆನಲ್ಲ ಎಂದು ಬ್ಯಾಕ್ ಒತ್ತಿದರೆ, ಬರೆದದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲನೇ ಪುಟ. ಮೂರು ದಿನ ಹೀಗೇ ಆಗಿ, ನಾಲ್ಕನೇ ದಿನ ಅವರು ಮಗನ ಕೈ ಹಿಡಿದುಕೊಂಡು ಖುದ್ದಾಗಿ ಆಸ್ಪತ್ರೆಗೆ ಬಂದು ಜಗಳ ಮಾಡಿ ಹೋಗಿದ್ದರು.

ಆ ಪುಟಗಳನ್ನು ಮಾಡಿದವನು ತಾತ. ತಾತನ ವಯಸ್ಸು ಐವತ್ತೆರಡು. ಮೂವತ್ತು ದಾಟದವರೇ ತುಂಬಿರುವ ಆಫೀಸಿನಲ್ಲಿ ಐವತ್ತೆರಡಾದವನನ್ನು ಇನ್ನೇನೆಂದು ಕರೆಯುತ್ತಾರೆ, ಪಾಪ.

"ಜನ ಬ್ಯಾಕ್ ಒತ್ತಬಾರದು ಸಾರ್," ಎಂದ ತಾತ. "ಮುಂದೆ ಹೋಗೋಕೆ ಬಟನ್ ಕೊಟ್ಟಿದ್ದೀನಿ. ಹಿಂದೆ ಬನ್ನಿ ಅಂತ ನಾನೇನಾದ್ರೂ ಕರೆದಿದ್ನಾ? ಪುಟದಲ್ಲಿ ತಪ್ಪಿಲ್ಲ."

"ಹೌದ್ಹೌದು, ಪುಟಕ್ಕೇನೂ ಆಗಿಲ್ಲ. ವಯಸ್ಸಾಗಿರೋದು ತಾತಂಗೆ," ಎಂದು ಮ್ಯಾನೇಜರು ನಕ್ಕರು. ಹನ್ನೆರಡು ಜನರೂ ನಕ್ಕರು.

ತಾತನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ತನ್ನ ಕುರ್ಚಿಗೆ ಬಂದವನೇ ಸಿಬ್ಬಂದಿಯ ವೆಬ್‌ಸೈಟ್ ತೆರೆದ. ರಜೆ, ದೂರು, ರಾಜೀನಾಮೆ ಎಲ್ಲಕ್ಕೂ ಅದೊಂದೇ ಬಾಗಿಲು. ಅದನ್ನು ಮಾಡಿದವನೂ ಅವನೇ. ಕಾರಣ ಎಂಬಲ್ಲಿ 'ಸ್ವಾಭಿಮಾನ' ಎಂದು ಬರೆದ. 'ಖಚಿತವೇ?' ಎಂದು ಪುಟ ಕೇಳಿತು. 'ಹೌದು' ಎಂಬುದನ್ನು ಗುದ್ದಿದ. 'ನಿಮ್ಮ ರಾಜೀನಾಮೆ ತಲುಪಿದೆ. ಧನ್ಯವಾದಗಳು' ಎಂದಿತು.

ಸಿಟ್ಟು ಆರು ನಿಮಿಷ ಇತ್ತು. ಅದು ಇಳಿದ ಮೇಲೆ ಹಳೆಯದೆಲ್ಲ ನೆನಪಾಯಿತು. ಹಿಂದೊಮ್ಮೆ ಕೆಲಸ ಹೋದಾಗ ತಾತ ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದ. ಹೆಂಡತಿ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುವಾಗ ಇವನು ಪೇಪರಿನ ಹಿಂದೆ ಮುಖ ಅಡಗಿಸಿಕೊಳ್ಳುತ್ತಿದ್ದ. ಅವಳು ಒಂದು ಮಾತೂ ಆಡಲಿಲ್ಲ. ಆಡುವುದಕ್ಕೆ ಅವಳ ತಮ್ಮನಿದ್ದ. ಪ್ರತಿ ಭಾನುವಾರ ತಪ್ಪದೆ ಬಂದು, "ವಾಚ್‌ಮನ್ ಕೆಲಸಾನೂ ಕೆಲಸಾನೇ ಭಾವ, ನಾಚ್ಕೋಬೇಡಿ," ಎಂದು ಊಟ ಮಾಡಿ ಹೋಗುತ್ತಿದ್ದ. ಆಗ ತಾತನಿಗೆ ನಲವತ್ಮೂರು. ಈಗ ಯಾರು ಕರೆದು ಕೆಲಸ ಕೊಡುತ್ತಾರೆ?

ತಡೆಯಲಾರದೆ ಹೆಂಡತಿಗೆ ಫೋನ್ ಮಾಡಿದ. "ರಾಜೀನಾಮೆ ಕೊಟ್ಬಿಟ್ಟೆ ಕಣೇ."

"ವಾಪಸ್ ತಗೊಳ್ಳೋಕಾಗಲ್ವೇನ್ರೀ?"

"ಆ ಬಟನ್ ಮಾಡಿಲ್ಲ ಕಣೇ. ಯಾರೂ ಕೇಳಿರಲಿಲ್ಲ."

ಪಕ್ಕದ ಮೇಜಿನವಳ ಕೆಲಸವೇ ಬೇರೆಯವರ ಪುಟಗಳಲ್ಲಿ ತಪ್ಪು ಹುಡುಕುವುದು. ಆಫೀಸಿನಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಫೋನ್ ಇಡುವುದರೊಳಗೆ ಅವಳು ಎದ್ದು ನಿಂತಿದ್ದಳು.

"ಏನ್ ತಾತ, ರಾಜೀನಾಮೇನಾ?" ಎಂದಳು, ಮೂರು ಸಾಲು ಆಚೆಗೂ ಕೇಳುವಂತೆ.

ಚಿತ್ರ, ಬಣ್ಣ ನೋಡಿಕೊಳ್ಳುವ ಗಡ್ಡದವನು ಓಡಿ ಬಂದ. "ಅಯ್ಯೋ, ಇಷ್ಟೇನಾ? ಮ್ಯಾನೇಜರು ಇನ್ನೂ ನೋಡಿರಲ್ಲ. ಬ್ಯಾಕ್ ಒತ್ತಿ 'ಖಚಿತವೇ?' ಪುಟಕ್ಕೆ ಹೋಗೋಣ. ಅಲ್ಲಿ 'ಬೇಡ' ಅಂದ್ರೆ ಮುಗೀತು. ಏಳಿ ತಾತ, ಏಳಿ."

ಹಾಗೆಲ್ಲ ಮುಗಿಯುವುದಿಲ್ಲ ಎಂದು ತಾತನಿಗೆ ಗೊತ್ತಿರಬೇಕಿತ್ತು. ಬೇರೆ ದಿನ ಗೊತ್ತಿರುತ್ತಿತ್ತು. ಇವತ್ತು ಹೆದರಿಕೆಗೆ ಬುದ್ಧಿಯೇ ಮಂಕಾಗಿತ್ತು. ಎದ್ದು ಕುರ್ಚಿ ಬಿಟ್ಟುಕೊಟ್ಟ.

ಗಡ್ಡದವನು ಬ್ಯಾಕ್ ಒತ್ತಿದ. 'ಈ ಪುಟದ ಅವಧಿ ಮುಗಿದಿದೆ' ಎಂದು ಬಂತು. ಮತ್ತೆ ತೆರೆದ. ಸಣ್ಣ ಅಕ್ಷರದ ಒಂದು ಚೌಕ ಎದ್ದು ನಿಂತು ಏನೋ ಕೇಳಿತು.

"ಏನಂತೆ ಅದು?" ಎಂದ ತಾತ.

"ಇದನ್ನೆಲ್ಲ ಯಾರು ಓದ್ತಾರೆ ತಾತ," ಎಂದು ಅವನು 'ಸರಿ' ಒತ್ತಿದ. 'ನಿಮ್ಮ ರಾಜೀನಾಮೆ ತಲುಪಿದೆ. ಧನ್ಯವಾದಗಳು.'

"ಇನ್ನೂ ಅಲ್ಲೇ ಇದೆ. ನಿಂಗೆ ಒತ್ತೋಕೇ ಬರಲ್ಲ, ಸರಿ ಆಚೆ," ಎಂದು ಭೂತಗನ್ನಡಿ ಕೂತಳು. ಪಟಪಟನೆ ಎರಡು ಸಲ ಒತ್ತಿದಳು, ಮೂರು ಸಲ ಒತ್ತಿದಳು. ಚೌಕ, ಸರಿ, ಧನ್ಯವಾದಗಳು. ಚೌಕ, ಸರಿ, ಧನ್ಯವಾದಗಳು. ಅಷ್ಟರಲ್ಲಿ ರಿಸೆಪ್ಷನ್ ಅಕ್ಕನೂ ಬಂದಳು. "ನಮ್ಮನೆ ಟೀವಿ ಹಿಂಗಾಡಿದ್ರೆ ಆಫ್ ಮಾಡಿ ಆನ್ ಮಾಡ್ತೀವಪ್ಪ," ಎಂದಳು. ಅದೂ ಆಯಿತು. ಕಂಪ್ಯೂಟರ್ ಎದ್ದು ಕೂತು, ಹಳೆಯ ಪುಟಗಳನ್ನೆಲ್ಲ ಒಂದೊಂದಾಗಿ ತಾನೇ ತೆರೆದುಕೊಂಡು, ಒಂದೊಂದರಲ್ಲೂ ಧನ್ಯವಾದ ಹೇಳಿತು.

ಊಟದ ಹೊತ್ತಿಗೆ ಕುರ್ಚಿಯ ಸುತ್ತ ಒಂಬತ್ತು ಜನ. ಎಲ್ಲರಿಗೂ ಒಂದೊಂದು ಉಪಾಯ, ಎಲ್ಲರಿಗೂ ಒಂದೊಂದು ಸರದಿ. ತಾತ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ. ನೋಡುವ ಧೈರ್ಯ ಇರಲಿಲ್ಲ.

ಮೂರೂವರೆಗೆ ಭೂತಗನ್ನಡಿ ಕಿರುಚಿದಳು. 'ಖಚಿತವೇ?' ಪುಟ ಬಂದಿತ್ತು. 'ಬೇಡ' ಒತ್ತಿದಳು. ಪುಟ ತಣ್ಣಗೆ ಮೊದಲಿನ ಜಾಗಕ್ಕೆ ಹೋಗಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಸರಿಹೋಯ್ತು ಕಣೇ," ಎಂದು ತಾತ ಫೋನಿನಲ್ಲಿ ಹೇಳಿದ. ಹೆಂಡತಿ ಅತ್ತುಬಿಟ್ಟಳು.

ನಾಲ್ಕು ಗಂಟೆಗೆ ಮ್ಯಾನೇಜರು ಕರೆದರು.

"ಕೂತ್ಕೊಳ್ಳಿ. ಹನ್ನೊಂದಕ್ಕೆ ನಿಮ್ಮ ರಾಜೀನಾಮೆ ನೋಡ್ದೆ," ಎಂದರು. "ನಾನು ಹಾಗೆ ನಗಬಾರದಿತ್ತು. ಸಿಟ್ಟಲ್ಲಿ ಬರ್ದಿದ್ದಾರೆ, ಸಂಜೆ ಕರೆದು ಕ್ಷಮೆ ಕೇಳಿ ಅಲ್ಲಿಗೇ ಬಿಟ್ಬಿಡೋಣ ಅಂದ್ಕೊಂಡೆ."

ತಾತ ಕುರ್ಚಿಯ ತುದಿಯಲ್ಲಿ ಕೂತ.

"ಅಷ್ಟರಲ್ಲಿ ಎರಡನೇದು ಬಂತು. ಆಮೇಲೆ ಮೂರನೇದು. ಊಟಕ್ಕೆ ಏಳೋ ಹೊತ್ತಿಗೆ ಒಂಬತ್ತು. ಈಗ ಹದಿನೇಳು. ಎಲ್ಲದರಲ್ಲೂ ಸ್ವಾಭಿಮಾನ! ಎಲ್ಲದರ ಒಂದೊಂದು ಪ್ರತಿ ಮಾಲೀಕರಿಗೂ ಹೋಗತ್ತೆ, ಹಾಗೆ ಮಾಡಿದ್ದೂ ನೀವೇ. 'ಹದಿನೇಳು ಸಲ ಬಿಡ್ತೀನಿ ಅಂದೋನ್ನ ಯಾಕ್ರೀ ಹಿಡ್ಕೊಂಡಿದ್ದೀರಾ' ಅಂತ ನನಗೆ ಬೈದ್ರು. ಒಪ್ಪಿಗೆ ಹಾಕಾಯ್ತು."

ಓದದೆ ಬಿಟ್ಟ ಚೌಕದಲ್ಲಿ ಏನಿತ್ತೆಂದು ತಾತನಿಗೆ ಆಗ ಹೊಳೆಯಿತು. 'ಇದೇ ಪತ್ರವನ್ನು ಇನ್ನೊಮ್ಮೆ ಕಳಿಸಲೇ?'

"ನಾನು ಕಳಿಸಿದ್ದಲ್ಲ ಸಾರ್!" ಎಂದ ಕೈಮುಗಿದು. "ಬ್ಯಾಕ್ ಒತ್ತಿ ಮತ್ತೆ ತೆರೆದ್ರೆ ಅದು ಇನ್ನೊಂದು ಸಲ ಹೋಗತ್ತೆ. ಪುಟದ್ದೇ ತಪ್ಪು. ನಂದೇ ತಪ್ಪು ಸಾರ್, ಒಪ್ಕೋತೀನಿ."

ಮ್ಯಾನೇಜರ ಮುಖ ಬಿಳಿಚಿಕೊಂಡಿತು. "ಆಸ್ಪತ್ರೆಗಳಿಗೂ ಹೀಗೇ, ಒಂದೇ ಫಾರ್ಮ್ ಹತ್ತು ಸಲ ಹೋಗೋ ಹಾಗೆ ಮಾಡಿಕೊಟ್ಟಿದ್ದೀರಾ?"

"ಹೂಂ ಸಾರ್."

ಮ್ಯಾನೇಜರು ಎದ್ದು ಬಾಗಿಲು ಹಾಕಿ ಬಂದರು. "ಇದನ್ನ ಮಾಲೀಕರಿಗೆ ಹೇಳಿದ್ರೆ ನಾಳೆ ಬೆಳಿಗ್ಗೇನೇ ನಿಮ್ಮನ್ನ ತೆಗೆದು ಹಾಕ್ತಾರೆ, ಜೊತೆಗೆ ನನ್ನನ್ನೂ. ನೀವಾಗೇ ಬಿಟ್ರಿ ಅಂತಿದ್ರೆ ಒಳ್ಳೇ ಸರ್ಟಿಫಿಕೇಟಾದ್ರೂ ಬರ್ಕೊಡ್ತೀನಿ. ತಿಂಗಳ ಕೊನೆಗೆ ಎಲ್ಲರಿಗೂ ಊಟ ಹಾಕಿಸಿ ಮರ್ಯಾದೆಯಿಂದ ಕಳಿಸ್ತೀನಿ. ಯಾವುದು ಬೇಕು, ನೀವೇ ಹೇಳಿ."

"ಸರ್ಟಿಫಿಕೇಟೇ ಕೊಡಿ ಸಾರ್," ಎಂದ ತಾತ.

ಹೊರಗೆ ಒಂಬತ್ತು ಜನರೂ ಕಾದಿದ್ದರು. ಭೂತಗನ್ನಡಿ ಓಡಿ ಬಂದು ಕೈ ಹಿಡಿದುಕೊಂಡಳು. "ಉಳಿಸಿಬಿಟ್ವಿ ನೋಡಿ ತಾತ! ಸುಮ್ನೆ ಬಿಡಲ್ಲ, ಊಟ ಯಾವತ್ತು ಹೇಳಿ?"

"ತಿಂಗಳ ಕೊನೆಗೆ," ಎಂದ ತಾತ. "ಮ್ಯಾನೇಜರೇ ಹಾಕಿಸ್ತಾರಂತೆ."

ಮತ್ತೆ ಎಲ್ಲರೂ ಚಪ್ಪಾಳೆ ತಟ್ಟಿದರು.