ನಕಲು ಇರುವ ತನಕ ಅಸಲು ಕೊಡತಕ್ಕದ್ದಲ್ಲ

ಐನಾಪುರದ ನಿವೃತ್ತ ರೆಕಾರ್ಡ್ ಕೀಪರ್ ಧರೆಪ್ಪನವರ ಮನೆಯ ಕಂಪ್ಯೂಟರು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್‌ಡೇಟಿಗೆ ಒಳಪಟ್ಟು, ಮೂವತ್ತೈದು ಪರ್ಸೆಂಟಿಗೆ ನಿಂತು, ಮಧ್ಯಾಹ್ನ ಒಂದಕ್ಕೆ ‘ಅಪ್‌ಡೇಟ್ ಆಗಲಿಲ್ಲ, ಮಾಡಿದ ಬದಲಾವಣೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು ತಿಳಿಯಪಡಿಸಿತು. ಇದೇ ಸಂಗತಿ ಮಂಗಳವಾರವೂ ಜರುಗಿತು, ಬುಧವಾರ ಎರಡು ಸಲ ಜರುಗಿತು.

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಿಗೇಳುತ್ತಿದ್ದರು. ಧರೆಪ್ಪನವರಿಗೆ ಗೌರವ ಮೂಡಿತು. ನಾಲ್ಕು ತಾಸು ಕೆಲಸ ಮಾಡುವುದು, ಆಮೇಲೆ ಆ ಕೆಲಸವನ್ನು ತಾನೇ ರದ್ದುಪಡಿಸುವುದು, ನಡುವೆ ಯಾರೂ ಕೈ ಹಾಕದಂತೆ ನೋಟೀಸು ಹಚ್ಚುವುದು: ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ನಾಲ್ಕು ವರ್ಷ ಕೂತ ಅವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

“ಜನ್ಮಪೂರ್ತಿ ಮಂದಿಗೆ ನಾಳೆ ಬರ್ರಿ ಅಂದೆ. ಈಗ ಈ ಡಬ್ಬಿ ನನಗ ಅದನ್ನ ಅನ್ನಾಕತ್ತೈತಿ,” ಎಂದು ಹೆಂಡತಿ ಅನುಸೂಯಾಬಾಯಿಗೆ ಹೇಳಿದರು. “ನನಗಿಂತ ಚಲೋ ಅಂತೈತಿ.”

“ಅದು ಒದರೂದಿಲ್ಲಲ್ರಿ,” ಎಂದರು ಅನುಸೂಯಾಬಾಯಿ, ರೊಟ್ಟಿ ಬಡಿಯುತ್ತ.

ಬುಧವಾರ ಸಂಜೆ ಧರೆಪ್ಪನವರು ಒಂದು ಸುತ್ತೋಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದರು. ‘ಮನೆಯ ಸರ್ವ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಅಪ್‌ಡೇಟ್ ಬಾಕಿ ಇರುವ ಅವಧಿಯಲ್ಲಿ ಸದರಿ ಯಂತ್ರದ ಮೇಲೆ ಅನ್ಯ ಕೆಲಸ ಮಾಡತಕ್ಕದ್ದಲ್ಲ.’ ಸರ್ವ ಸದಸ್ಯರೆಂದರೆ ಹೆಂಡತಿ ಮತ್ತು ಸೊಸೆ ಕೋಮಲ. ಮಗ ಬಸವಂತ ಸಕ್ಕರೆ ಕಾರ್ಖಾನೆಯವನು. ಕಬ್ಬು ನುರಿಸುವ ಹಂಗಾಮು ಶುರುವಾಗಿದ್ದರಿಂದ ಅವನು ಮನೆಯ ಕಡೆ ಬಂದೇ ಇರಲಿಲ್ಲ.

ತೊಂದರೆ ಆದದ್ದು ಕೋಮಲಳಿಗೆ. ಓಣಿಯ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಜಾಗ ಖಾಲಿಯಾಗಿತ್ತು. ಅರ್ಜಿಗೆ ಶುಕ್ರವಾರ ಸಂಜೆ ಐದೂವರೆ ಕಡೆಯ ಗಡುವು. ಮುಂದಿನ ತಿಂಗಳು ಅವಳಿಗೆ ವಯೋಮಿತಿ ದಾಟುತ್ತಿತ್ತು, ಅಂದರೆ ಇದು ಬಿಟ್ಟರೆ ಇನ್ನೊಂದಿಲ್ಲ. ಅರ್ಜಿಗೆ ಬೇಕಾದ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ವಾಸದ ದಾಖಲೆ ಎಲ್ಲದರ ನಕಲು ಕಂಪ್ಯೂಟರಿನಲ್ಲಿತ್ತು. ಅಸಲು ಧರೆಪ್ಪನವರ ಕಬ್ಬಿಣದ ಟ್ರಂಕಿನಲ್ಲಿತ್ತು. ಟ್ರಂಕಿನ ಕೀಲಿ ಅವರ ಉಡದಾರದಲ್ಲಿತ್ತು.

ಹೊಳೆಯ ನೀರು ಊರೊಳಗೆ ಬಂದ ವರ್ಷ ಧರೆಪ್ಪನವರು ಮನೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಅಸಲನ್ನು ಟ್ರಂಕಿಗೆ ಹಾಕಿ, ನಿಯಮ ಒಂದನ್ನು ಜಾರಿಗೆ ತಂದಿದ್ದರು: ‘ನಕಲು ಲಭ್ಯವಿರುವ ತನಕ ಅಸಲು ಕೊಡತಕ್ಕದ್ದಲ್ಲ.’ ಆಗ ಎಲ್ಲರೂ ಹೂಂ ಅಂದಿದ್ದರು. ನೀರು ಬಂದಾಗ ಮನುಷ್ಯ ಯಾವುದಕ್ಕಾದರೂ ಹೂಂ ಅನ್ನುತ್ತಾನೆ.

ಪರದೆಯ ಮೇಲಿನ ಸಣ್ಣ ಅಕ್ಷರ ಓದಿ ರೋಗ ಪತ್ತೆ ಹಚ್ಚಿದವಳೂ ಕೋಮಲಳೇ. “ಜಾಗಾ ಇಲ್ಲಂತ್ರಿ ಮಾವಾರ. ಇಪ್ಪತ್ತು ಜಿಬಿ ಖಾಲಿ ಬೇಕಂತ.”

ಜಾಗ ಯಾಕಿಲ್ಲ ಎಂಬುದು ಧರೆಪ್ಪನವರಿಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಫೋನಿಗೆ ಬರುವ ಶುಭೋದಯದ ಚಿತ್ರಗಳನ್ನು ಅವರು ಪ್ರತಿ ರವಿವಾರ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಪ್ರತಿಯೊಂದಕ್ಕೂ ಮೂಲ ಪ್ರತಿ, ಕಚೇರಿ ಪ್ರತಿ, ಹೆಚ್ಚುವರಿ ಪ್ರತಿ. ಗುಲಾಬಿ, ಸೂರ್ಯ, ಚಹಾದ ಕಪ್ಪು, ‘ಶುಭ ಸಕಾಳ’ ಎಂಬ ಮರಾಠಿ ಅಕ್ಷರ, ಒಟ್ಟು ನಲವತ್ತೊಂದು ಸಾವಿರ. ಎಲ್ಲವೂ ‘ಎ’ ವರ್ಗ, ಶಾಶ್ವತವಾಗಿ ಇಡತಕ್ಕದ್ದು.

“ಅಳಸಿಬಿಡ್ರಿ ಮತ್ತ,” ಎಂದಳು ಕೋಮಲ.

“ದಾಖಲೆ ನಾಶ ಅಂದ್ರ ಸಮಿತಿ ಕೂಡಬೇಕವ್ವಾ,” ಎಂದರು ಧರೆಪ್ಪನವರು.

ಗುರುವಾರ ಸಮಿತಿ ಕೂಡಿತು. ಅಧ್ಯಕ್ಷರು ಅನುಸೂಯಾಬಾಯಿ. ಸದಸ್ಯರು ಶೇಡಬಾಳದ ನಿವೃತ್ತ ಮಾಸ್ತರ ಸಮ್ಮೇದ. ನಲವತ್ತೊಂದು ಸಾವಿರದಲ್ಲಿ ಮುಕ್ಕಾಲು ಪಾಲು ಕಳಿಸಿದವರು ಅವರೇ ಆದ್ದರಿಂದ ವಿಷಯತಜ್ಞರೆಂದು ಕರೆಸಲಾಗಿತ್ತು.

ತಜ್ಞರು ಒಂದೊಂದೇ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. “ಈ ಗುಲಾಬಿ ನಿನಗ ಜ್ವರ ಬಂದಾಗ ಕಳಿಸಿದ್ದೆಪಾ ಧರೆಪ್ಪಾ. ಇದನ್ನ ಅಳಸ್ತಿ ಏನು?”

“ಇಲ್ಲ, ಇರ್ಲಿ.”

“ಈ ಚಹಾದ ಕಪ್ಪು?”

“ಇದರ ಹೆಚ್ಚುವರಿ ಪ್ರತಿ ಅಷ್ಟ ತಗೀರಿ.”

ಸಂಜೆಯ ಹೊತ್ತಿಗೆ ನಲವತ್ತಮೂರು ಪ್ರತಿಗಳು ಹೋದವು. ಜಾಗ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ, ಯಾಕೆಂದರೆ ಅಳಿಸಿದ್ದೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಕೂತಿತ್ತು. ತಕರಾರು ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಲಿ ಎಂದು ಬುಟ್ಟಿಯನ್ನು ಹಾಗೆಯೇ ಬಿಡಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಸಮ್ಮೇದ ಮಾಸ್ತರರು ಊಟ ಮಾಡಿ ಅಲ್ಲೇ ಉಳಿದುಕೊಂಡರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕೋಮಲ ಮಾವನ ಎದುರು ನಿಂತಳು. “ಮಾವಾರ, ಅಸಲು ಕೊಡ್ರಿ. ಬಸ್‌ಸ್ಟ್ಯಾಂಡಿನ ಆನ್‌ಲೈನ್ ಸೆಂಟರಿನ್ಯಾಗ ಹಾಕಿ ಬರ್ತೀನಿ.”

“ಲಿಖಿತ ಅರ್ಜಿ ಕೊಡವ್ವಾ.”

ಕೊಟ್ಟಳು. ಧರೆಪ್ಪನವರು ಅದಕ್ಕೆ ಆವಕ ನಂಬರು ಹಾಕಿದರು. ಓದಿ, ನಿಯಮ ಸಡಿಲಿಸುವ ಅಧಿಕಾರ ತಮಗಿಲ್ಲವೆಂದು ಬರೆದು ಅಧ್ಯಕ್ಷರಿಗೆ ಕಳಿಸಿದರು. ಅನುಸೂಯಾಬಾಯಿ ಹಿಟ್ಟಿನ ಕೈಯಲ್ಲೇ ‘ಕೊಡ್ರಿ’ ಎಂದು ಬರೆದರು. ಅಧ್ಯಕ್ಷರ ಅಧಿಕಾರ ನಾಶಕ್ಕೆ ಮಾತ್ರ ಸೀಮಿತ, ಕೊಡುವುದಕ್ಕೆ ಅನ್ವಯಿಸದು ಎಂದು ಷರಾ ಬರೆದು ಧರೆಪ್ಪನವರು ಕಡತ ಮುಚ್ಚಿದರು. ಗಂಟೆ ನಾಲ್ಕಾಗಿತ್ತು.

ಕೋಮಲ ದನಿ ಏರಿಸಲಿಲ್ಲ. “ನನಗ ಸಿಟ್ಟು ಬಂದೈತ್ರಿ ಮಾವಾರ. ಈ ಜಾಗಾ ಖಾಲಿ ಆಗ್ಲಿ ಅಂತ ಆರು ವರ್ಷ ಕಾದೇನಿ. ಕೊಡೂದಿಲ್ಲ ಅಂತ ಅಂದ್ಬಿಡ್ರಿ, ತಡಕೋತೀನಿ. ನಿಯಮ ಅನ್ನಬ್ಯಾಡ್ರಿ.”

ಈ ಮಾತನ್ನು ಕಚೇರಿಯ ಕಿಟಕಿಯ ಆಚೆ ನಿಂತು ಬಹಳ ಮಂದಿ ಅಂದಿದ್ದರು. ಅಂದವರು ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಸೊಸೆ ಎಲ್ಲಿಗೂ ಹೋಗುವವಳಲ್ಲ, ರಾತ್ರಿ ತಾಟಿಗೆ ರೊಟ್ಟಿ ಹಾಕುವವಳು. ಧರೆಪ್ಪನವರಿಗೆ ಮೂವತ್ನಾಲ್ಕು ವರ್ಷದ ನಾಚಿಕೆ ಒಮ್ಮೆಲೇ ಆಯಿತು. ಕೀಲಿ ಬಿಚ್ಚಿ ಕೊಟ್ಟರೆ ಮುಗಿಯಿತು ಎಂಬ ವಿಚಾರ ಅವರ ತಲೆಗೆ ಬರಲಿಲ್ಲ ಎನ್ನುವಂತಿಲ್ಲ. ಬಂತು. ಆದರೆ ಅದಕ್ಕೆ ನಮೂನೆ ಇರಲಿಲ್ಲ.

ಅವರು ಎದ್ದು ಕಂಪ್ಯೂಟರಿನ ಮುಂದೆ ಕೂತರು. ಅದು ಆ ದಿನದ ಅಪ್‌ಡೇಟನ್ನೂ ಕೆಡಿಸಿಕೊಂಡು ಸುಮ್ಮನಿತ್ತು. ತಮ್ಮ ಸುತ್ತೋಲೆಯನ್ನು ತಾವೇ ಮುರಿದು, ‘ಕೋಮಲ’ ಎಂದು ಹೆಸರಿದ್ದ ಫೋಲ್ಡರನ್ನು ಹಿಡಿದರು.

“ಧರೆಪ್ಪಾ, ಅವು ನನ್ನ ಫೋಟೋ ಅಲ್ಲಪಾ,” ಎಂದರು ಸಮ್ಮೇದ ಮಾಸ್ತರರು ಗಾಬರಿಯಿಂದ. “ಸೊಸಿ ಮಾರ್ಕ್ಸ್ ಕಾರ್ಡ್ ಅದಾವ.”

“ಗೊತ್ತೈತಿ.”

ಅಳಿಸಿದರು. ಆಮೇಲೆ ಕಸದ ಬುಟ್ಟಿಯನ್ನೂ ಬರಿದು ಮಾಡಿದರು. ಮೂವತ್ತು ದಿನದ ತಕರಾರಿನ ಅವಧಿಯೊಂದಿಗೆ ನಲವತ್ತಮೂರು ಶುಭೋದಯಗಳೂ ಹೋದವು. ಮಾಸ್ತರರು ಕಣ್ಣು ಮುಚ್ಚಿಕೊಂಡರು.

“ಸದರಿ ಕಾಗದಗಳ ನಕಲು ಈಗ ಲಭ್ಯವಿಲ್ಲ,” ಎಂದು ಧರೆಪ್ಪನವರು ಎದ್ದು ನಿಂತು ಘೋಷಿಸಿದರು. “ಆದ್ದರಿಂದ ಅಸಲು ಕೊಡತಕ್ಕದ್ದು.” ಉಡದಾರದಿಂದ ಕೀಲಿ ಬಿಚ್ಚಿದರು. ಟ್ರಂಕು ತೆರೆಯುವುದರೊಳಗೆ ಕೋಮಲ ಚಪ್ಪಲಿ ಹಾಕಿಕೊಂಡಿದ್ದಳು. ಐದೂ ಹತ್ತಕ್ಕೆ ಅರ್ಜಿ ಹೋಯಿತು.

ಅಂದಿನಿಂದ ಆ ಮನೆಯಲ್ಲಿ ಇದೇ ಪದ್ಧತಿ. ಅಸಲು ಬೇಕಾದವರು ಮೊದಲು ನಕಲು ಅಳಿಸತಕ್ಕದ್ದು. ಅಸಲು ವಾಪಸು ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನಕಲು ಇಡತಕ್ಕದ್ದು. ಅನುಸೂಯಾಬಾಯಿ ರೇಷನ್ ತರುವ ದಿನ ಬೆಳಿಗ್ಗೆ ಕಾರ್ಡಿನ ನಕಲು ಅಳಿಸಿ, ಆಮೇಲೆ ಚೀಲ ಹುಡುಕುತ್ತಾರೆ. ಪಕ್ಕದ ಮನೆಯ ಮಂಗಲ ತನ್ನ ಹೊಲದ ಪಹಣಿ ಉತಾರವನ್ನೂ ಇದೇ ಟ್ರಂಕಿಗೆ ತಂದಿಟ್ಟಿದ್ದಾಳೆ. ಇಷ್ಟು ಕಟ್ಟುನಿಟ್ಟು ಬ್ಯಾಂಕಿನಲ್ಲೂ ಇಲ್ಲ ಎಂಬುದು ಅವಳ ಅಭಿಪ್ರಾಯ. ಅಪ್‌ಡೇಟು ದಿನಾ ಒಂಬತ್ತರಿಂದ ಒಂದರವರೆಗೆ ವಿಫಲವಾಗುತ್ತದೆ, ಯಾರದೂ ತಕರಾರಿಲ್ಲ.

ಎರಡು ತಿಂಗಳಿಗೆ ಆಯ್ಕೆ ಪಟ್ಟಿ ಬಂತು. ಕೋಮಲಳ ಹೆಸರು ಮೊದಲಿತ್ತು. ಪರಿಶೀಲನೆಗೆ ಅಸಲು ತರಲು ಹೇಳಿದ್ದರು. ಬಸವಂತ ಫೋನಿನಲ್ಲಿ, “ಅಪ್ಪಾರ ಕಡೆಯಿಂದ ಕೀಲಿ ಇಸ್ಕೊಂಡು ಅಸಲು ತಗೊಂಡು ಹೋಗು,” ಅಂದ.

“ಹಂಗ ನಡೆಯೂದಿಲ್ರಿ,” ಎಂದಳು ಕೋಮಲ. ಕಂಪ್ಯೂಟರಿನ ಮುಂದೆ ಕೂತು ತನ್ನ ನಕಲುಗಳನ್ನು ಅಳಿಸಿದಳು, ಬುಟ್ಟಿ ಬರಿದು ಮಾಡಿದಳು, ಆವಕ ನಂಬರನ್ನೂ ತಾನೇ ಹಾಕಿದ ಲಿಖಿತ ಅರ್ಜಿಯನ್ನು ಮಾವನಿಗೆ ಕೊಟ್ಟಳು.

ಧರೆಪ್ಪನವರು ಆಗಲೇ ಕೀಲಿ ಬಿಚ್ಚಿದ್ದರು. “ಅರ್ಜಿ ಯಾಕ ಬೇಕಿತ್ತವ್ವಾ, ಹಿಡಿ,” ಎಂದು ಕೈ ಚಾಚಿದರು.

“ಮೊದಲ ಓದಿ ಸಹಿ ಮಾಡ್ರಿ ಮಾವಾರ,” ಎಂದಳು ಅವಳು. “ಅವಸರ ಇಲ್ಲ. ನಾಳೆ ಬರ್ತೀನಿ.”